ಮೆಗ್ನೀಸಿಯಂ ಕ್ಲೋರೈಡಿಗೆ ‘ಡೈ’ ಏಕಿಲ್ಲ?

ಅಘನಾಶಿನಿಯ ದಡದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕನಾಗಿ ಸೇರಿದ ಎರಡನೆಯ ವರ್ಷ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಕಪ್ಪುಹಲಗೆಯ ಮೇಲೆ ನಾನು ಎರಡು ಸೂತ್ರಗಳನ್ನು ಬರೆದಿದ್ದೆ. ಒಂದರಲ್ಲಿ ಒಂದು ಕಾರ್ಬನ್ನಿಗೆ ಎರಡು ಆಕ್ಸಿಜನ್, ಇನ್ನೊಂದರಲ್ಲಿ ಒಂದು ಮೆಗ್ನೀಸಿಯಮ್ಮಿಗೆ ಎರಡು ಕ್ಲೋರಿನ್. ಮೊದಲನೆಯದನ್ನು ಕಾರ್ಬನ್ ಡೈಆಕ್ಸೈಡ್ ಎಂದೂ ಎರಡನೆಯದನ್ನು ಮೆಗ್ನೀಸಿಯಂ ಕ್ಲೋರೈಡ್ ಎಂದೂ ಮಕ್ಕಳಿಂದ ಓದಿಸುತ್ತಿದ್ದೆ. ಅವಳು ಎದ್ದು ನಿಂತು, “ಸರ್, ಎರಡರಲ್ಲೂ ಕೆಳಗೆ ಎರಡು ಅಂತಲೇ ಬರ್ದೀರಿ. ಒಂದಕ್ಕೆ ಡೈ ಹಚ್ಚಿ ಇನ್ನೊಂದಕ್ಕೆ ಯಾಕೆ ಹಚ್ಚಲಿಲ್ಲ?” ಎಂದಳು. “ಅದು ನಿಯಮ, ಹಾಗೆಯೇ ನೆನಪಿಟ್ಟುಕೊಳ್ಳಬೇಕು” ಎಂದೆ. ಅವಳು ಕುಳಿತಳು. ಆದರೆ ಅವಳ ಮುಖದಲ್ಲಿ ಒಪ್ಪಿಗೆ ಇರಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ.

ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಿಂದ ಬಂದ ನಾನು ರಸಾಯನಶಾಸ್ತ್ರವನ್ನು ಕಲಿತದ್ದು ಮಗ್ಗಿ ಕಲಿತ ಹಾಗೆ. ಸೋಡಿಯಂ ಒಂದು, ಮೆಗ್ನೀಸಿಯಂ ಎರಡು, ಅಲ್ಯೂಮಿನಿಯಂ ಮೂರು ಎಂದು ವೇಲೆನ್ಸಿಗಳನ್ನು, ಅಂದರೆ ಧಾತುಗಳ ಕೂಡುವ ಸಾಮರ್ಥ್ಯದ ಸಂಖ್ಯೆಗಳನ್ನು, ಬಾಯಿಪಾಠ ಮಾಡಿ, ಎರಡು ಧಾತುಗಳ ಸಂಕೇತಗಳನ್ನು ಅಕ್ಕಪಕ್ಕ ಬರೆದು, ಇದರ ಸಂಖ್ಯೆಯನ್ನು ಅದರ ಕೆಳಗೂ ಅದರ ಸಂಖ್ಯೆಯನ್ನು ಇದರ ಕೆಳಗೂ ಅಡ್ಡಗೀಟೆಳೆದು ಇಳಿಸಿದರೆ ಸೂತ್ರ ಸಿದ್ಧವಾಗುತ್ತಿತ್ತು. ಸೂತ್ರಕ್ಕೊಂದು ಹೆಸರು ಪುಸ್ತಕದಲ್ಲಿ ಇರುತ್ತಿತ್ತು, ಅದನ್ನೂ ಬಾಯಿಪಾಠ ಮಾಡಿದರೆ ಅಂಕ ಪೂರ್ತಿ ಸಿಗುತ್ತಿತ್ತು. ರಾಸಾಯನಿಕ ಬಂಧ ಒಂದು ಅಧ್ಯಾಯ, ಸಂಯುಕ್ತಗಳಿಗೆ ಹೆಸರಿಡುವುದು ಇನ್ನೊಂದು ಅಧ್ಯಾಯ; ಇವೆರಡಕ್ಕೂ ಸಂಬಂಧವಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹೆಸರಿನಲ್ಲಿ ಎಲ್ಲಿ ಸಂಖ್ಯೆ ಬರಬೇಕು, ಎಲ್ಲಿ ಬರಬಾರದು ಎಂಬುದನ್ನು ತೀರ್ಮಾನಿಸುವುದು ಆ ಸಂಯುಕ್ತದೊಳಗಿನ ಬಂಧವೇ ಎಂಬ ಮಾತು ನನಗೆ ಮನದಟ್ಟಾದದ್ದು ಆ ಬೇಸಿಗೆಯಲ್ಲಿ, ಸಾಣಿಕಟ್ಟೆಯ ಉಪ್ಪಿನಾಗರದ ಬದುವಿನ ಮೇಲೆ ನಿಂತು.

ಗೋಕರ್ಣಕ್ಕೆ ಸಮೀಪದ ಸಾಣಿಕಟ್ಟೆಯಲ್ಲಿ ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ಗದ್ದೆಗಳಂತೆ ಕಟ್ಟಿದ ಆಗರಗಳಿಗೆ ಹಾಯಿಸಿ, ಬಿಸಿಲಿಗೆ ಬಿಟ್ಟು ಉಪ್ಪು ತೆಗೆಯುತ್ತಾರೆ. ನನಗೆ ಪ್ರಶ್ನೆ ಕೇಳಿದ ಹುಡುಗಿಯ ಮನೆಯವರು ಆ ಆಗರಗಳಲ್ಲಿ ದುಡಿಯುವವರು. ಅವಳ ತಂದೆ ಉದ್ದ ಕೋಲಿನ ತುದಿಗೆ ಹಲಗೆ ಕಟ್ಟಿದ ಸಾಧನದಿಂದ ಉಪ್ಪನ್ನು ದಡಕ್ಕೆ ಎಳೆದು ಗುಪ್ಪೆ ಹಾಕುತ್ತಿದ್ದರು. ಮೊದಲ ಅಂಕಣದ ನೀರು ಒಮ್ಮೆಗೇ ಉಪ್ಪಾಗುವುದಿಲ್ಲ ಎಂಬುದನ್ನು ಅವರು ನನಗೆ ಹೊಸ ವಿಷಯವೆಂಬಂತೆ ಹೇಳಲಿಲ್ಲ, ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ ಹೇಳಿದರು. ನೀರು ಒಂದು ಅಂಕಣದಿಂದ ಇನ್ನೊಂದಕ್ಕೆ ಸಾಗುತ್ತ ದಪ್ಪವಾಗಬೇಕು. ಆಮೇಲೆ ಉಪ್ಪು ಕಟ್ಟುತ್ತದೆ. ಕೊನೆಗೆ ಉಳಿದ ಕಹಿನೀರನ್ನು ಹೊರಗೆ ಬಿಡಬೇಕು, ಇಲ್ಲವಾದರೆ ಉಪ್ಪು ಕೆಡುತ್ತದೆ.

ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ಮುಕ್ಕಾಲಿಗಿಂತ ತುಸು ಹೆಚ್ಚಿನ ಪಾಲು ನಾವು ಉಪ್ಪೆಂದು ಕರೆಯುವ ಸೋಡಿಯಂ ಕ್ಲೋರೈಡ್. ಉಳಿದದ್ದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಲವಣಗಳಿವೆ. ನೀರು ಆರುತ್ತ ಹೋದಂತೆ ಮೊದಲು ತಳಕ್ಕೆ ಇಳಿಯುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅದರ ಹಿಂದೆ ಜಿಪ್ಸಂ. ನೀರು ಮೊದಲಿನ ಹತ್ತರಲ್ಲೊಂದು ಪಾಲಿಗೆ ಬಂದಾಗ ಸೋಡಿಯಂ ಕ್ಲೋರೈಡ್ ಹರಳುಗಟ್ಟಲು ತೊಡಗುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಕಟ್ಟಕಡೆಯವರೆಗೆ ನೀರಿನಲ್ಲೇ ಉಳಿಯುತ್ತದೆ, ಕಹಿನೀರಿನ ಕಹಿಗೆ ಮೆಗ್ನೀಸಿಯಂ ಲವಣಗಳೇ ಕಾರಣ. ನಾನು ಕಪ್ಪುಹಲಗೆಯ ಮೇಲೆ ಬರೆದಿದ್ದ ಸಂಯುಕ್ತ ಆ ಹುಡುಗಿಯ ಮನೆಯ ಅಂಗಳದಾಚೆ ದಿನವೂ ಹರಿದುಹೋಗುತ್ತಿತ್ತು. ಅದರ ಹೆಸರನ್ನು ಅವಳಿಗೆ ಕಲಿಸುವಾಗ ಆ ಸಂಗತಿ ನನ್ನ ಗಮನಕ್ಕೇ ಬಂದಿರಲಿಲ್ಲ.

ಸೋಡಿಯಂ ಮತ್ತು ಕ್ಲೋರಿನ್ ಕೂಡುವುದನ್ನು ಹೇಳಲು ತರಗತಿಗಳಲ್ಲಿ ಒಂದು ಕತೆ ಬಳಕೆಯಲ್ಲಿದೆ. ಸೋಡಿಯಂ ಪರಮಾಣುವಿನ ಹೊರಕವಚದಲ್ಲಿ ಒಂದೇ ಎಲೆಕ್ಟ್ರಾನ್ ಇದೆ, ಕ್ಲೋರಿನ್ನಿನ ಹೊರಕವಚದಲ್ಲಿ ಏಳಿವೆ. ಒಂದು ಕೊಟ್ಟು ಹಗುರವಾಗುತ್ತದೆ, ಇನ್ನೊಂದು ಪಡೆದು ತುಂಬಿಕೊಳ್ಳುತ್ತದೆ, ಇಬ್ಬರಿಗೂ ನಂಟು ಬೆಳೆಯುತ್ತದೆ. ಈ ಕತೆಯನ್ನು ನಾನೂ ಎರಡು ವರ್ಷ ಹೇಳಿದ್ದೆ. ಇದು ಪೂರ್ತಿ ಸುಳ್ಳಲ್ಲ, ಆದರೆ ಮುಖ್ಯವಾದದ್ದನ್ನು ಮರೆಮಾಡುತ್ತದೆ. ಸೋಡಿಯಂ ತನ್ನ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅನಿಲ ರೂಪದಲ್ಲಿರುವ ಒಂದು ಮೋಲ್, ಅಂದರೆ ರಸಾಯನಶಾಸ್ತ್ರದ ಲೆಕ್ಕದ ಒಂದು ನಿಗದಿತ ಎಣಿಕೆಯಷ್ಟು, ಬಿಡಿ ಸೋಡಿಯಂ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನನ್ನು ಕೀಳಲು ಸುಮಾರು 496 ಕಿಲೋಜೂಲ್ ಶಕ್ತಿ ಬೇಕು. ಅಷ್ಟೇ ಕ್ಲೋರಿನ್ ಪರಮಾಣುಗಳು ಅವನ್ನು ಪಡೆದುಕೊಂಡಾಗ ಹಿಂದಿರುಗುವುದು ಸುಮಾರು 349 ಕಿಲೋಜೂಲ್. ವ್ಯವಹಾರ ಇಲ್ಲಿಗೇ ಮುಗಿಯುವುದಾಗಿದ್ದರೆ ಅದರಲ್ಲಿ 147 ಕಿಲೋಜೂಲ್ ನಷ್ಟವೇ ಇದೆ. ಆ ನಷ್ಟವನ್ನು ತುಂಬಿ ಉಪ್ಪನ್ನು ಉಪ್ಪಾಗಿ ನಿಲ್ಲಿಸುವುದು ಆಮೇಲಿನ ಸಂಗತಿ: ಎಲೆಕ್ಟ್ರಾನ್ ಕಳೆದುಕೊಂಡು ಧನ ವಿದ್ಯುದಂಶ ಹೊತ್ತ ಸೋಡಿಯಂ ಅಯಾನುಗಳೂ ಎಲೆಕ್ಟ್ರಾನ್ ಪಡೆದು ಋಣ ವಿದ್ಯುದಂಶ ಹೊತ್ತ ಕ್ಲೋರೈಡ್ ಅಯಾನುಗಳೂ ಒಂದನ್ನೊಂದು ಸೆಳೆದುಕೊಂಡು ಹರಳಾಗಿ ಕೂಡಿದಾಗ ಸುಮಾರು 787 ಕಿಲೋಜೂಲ್ ಶಕ್ತಿ ಹೊರಬೀಳುತ್ತದೆ. ಅಯಾನಿಕ ಬಂಧವೆಂದರೆ ಈ ಸೆಳೆತ. ಎಲೆಕ್ಟ್ರಾನಿನ ಕೊಡುಕೊಳ್ಳುವಿಕೆ ಅದಕ್ಕೆ ಹಾದಿ ಮಾಡಿಕೊಡುತ್ತದೆ, ಅಷ್ಟೇ.

ಸೆಳೆತಕ್ಕೆ ಜೋಡಿಯೆಂಬುದು ಗೊತ್ತಿಲ್ಲ. ಒಂದು ಸೋಡಿಯಂ ಅಯಾನು ತನ್ನಿಂದ ಎಲೆಕ್ಟ್ರಾನ್ ಪಡೆದ ಕ್ಲೋರಿನ್ ಯಾವುದು, ಪಕ್ಕದ್ದು ಯಾವುದು ಎಂದು ನೋಡುವುದಿಲ್ಲ, ಸುತ್ತ ಇರುವ ಎಲ್ಲ ಕ್ಲೋರೈಡ್ ಅಯಾನುಗಳನ್ನೂ ಸೆಳೆಯುತ್ತದೆ. 1913ರಲ್ಲಿ ಬ್ರಾಗ್ ತಂದೆ ಮಗ ಎಕ್ಸ್ ಕಿರಣಗಳಿಂದ ಉಪ್ಪಿನ ಹರಳಿನ ಒಳರಚನೆಯನ್ನು ಬಿಡಿಸಿದಾಗ ಕಂಡದ್ದು ಇದೇ: ಪ್ರತಿಯೊಂದು ಸೋಡಿಯಮ್ಮಿನ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಹಿಂದೆ, ಮುಂದೆ ಒಂದೊಂದರಂತೆ ಆರು ಕ್ಲೋರೈಡ್, ಪ್ರತಿಯೊಂದು ಕ್ಲೋರೈಡಿನ ಸುತ್ತಲೂ ಅದೇ ರೀತಿ ಆರು ಸೋಡಿಯಂ. ಇದು ನಿನ್ನ ಜೋಡಿ, ಅದು ನನ್ನ ಜೋಡಿ ಎಂದು ಬೇರ್ಪಡಿಸಿ ತೋರಿಸಬಹುದಾದ ಸೋಡಿಯಂ ಕ್ಲೋರೈಡ್ ಅಣು ಉಪ್ಪಿನ ಹರಳಿನಲ್ಲಿ ಎಲ್ಲಿಯೂ ಇಲ್ಲ. ಈ ಮಾತನ್ನು ಒಪ್ಪಿಕೊಳ್ಳುವುದು ದೊಡ್ಡವರಿಗೂ ಕಷ್ಟವಾಗಿತ್ತು. ಇಂಗ್ಲೆಂಡಿನ ಹಿರಿಯ ರಸಾಯನವಿಜ್ಞಾನಿ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲಿ, ಅಂದರೆ ಈ ಶೋಧನೆಯಾಗಿ ಹದಿನಾಲ್ಕು ವರ್ಷಗಳಾದ ಮೇಲೂ, ಉಪ್ಪನ್ನು ಚದುರಂಗದ ಹಾಸಿನಂತೆ ಕಲ್ಪಿಸುವುದು ಸಾಮಾನ್ಯ ಬುದ್ಧಿಗೆ ಒಗ್ಗದ ಮಾತೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರತಿಭಟಿಸಿದ್ದರು. ಒಂಬತ್ತನೆಯ ತರಗತಿಯ ಮಗುವಿಗೆ ಇದು ತಕ್ಷಣ ಹಿಡಿಸದಿದ್ದರೆ ಆ ಮಗು ದಡ್ಡವಾಗುವುದಿಲ್ಲ ಎಂದು ನಾನು ಈಗಲೂ ಸಹೋದ್ಯೋಗಿಗಳಿಗೆ ಹೇಳುತ್ತಿರುತ್ತೇನೆ.

ಆದರೆ ಕೈಗೆ ಹರಳು ಕೊಟ್ಟರೆ ಹಿಡಿಸುತ್ತದೆ. ಆಗರದ ಕಲ್ಲುಪ್ಪನ್ನು ಭೂತಗನ್ನಡಿಯಲ್ಲಿ ನೋಡಿದರೆ ಚೌಕ ಮುಖಗಳು ಕಾಣುತ್ತವೆ, ಕತ್ತಿಯ ಬಾಯನ್ನು ಮುಖಕ್ಕೆ ಸಮನಾಗಿಟ್ಟು ಮೆಲ್ಲಗೆ ತಟ್ಟಿದರೆ ಅದು ಪುಡಿಯಾಗದೆ ಮತ್ತೆ ಚೌಕವಾಗಿಯೇ ಸೀಳುತ್ತದೆ. ಒಂದು ಸಾಲು ತುಸು ಜರುಗಿದೊಡನೆ ಸೋಡಿಯಮ್ಮಿನ ಎದುರಿಗೆ ಸೋಡಿಯಂ, ಕ್ಲೋರೈಡಿನ ಎದುರಿಗೆ ಕ್ಲೋರೈಡ್ ಬಂದು, ಸೆಳೆತವಿದ್ದಲ್ಲಿ ವಿಕರ್ಷಣೆಯಾಗಿ ಹರಳು ಬಿರಿಯುತ್ತದೆ. ಅದೇ ಉಪ್ಪನ್ನು ಕರಗಿಸಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು. ಮನೆಯ ಒಲೆಯ ಬಾಣಲೆಯಲ್ಲಿ ಉಪ್ಪನ್ನು ಎಷ್ಟು ಹುರಿದರೂ ಅದು ಚಿಟಿಚಿಟಿ ಎನ್ನುತ್ತದೆಯೇ ಹೊರತು ಕರಗುವುದಿಲ್ಲ. ಪಕ್ಕದ ಬಾಣಲೆಯಲ್ಲಿ ಸಕ್ಕರೆ ಅಷ್ಟರೊಳಗೆ ಕರಗಿ ಕಂದಾಗಿರುತ್ತದೆ. ಸಕ್ಕರೆಯಲ್ಲಿ ಅಣುಗಳಿವೆ, ಉಪ್ಪಿನಲ್ಲಿಲ್ಲ ಎಂಬ ವ್ಯತ್ಯಾಸವನ್ನು ತೋರಿಸಲು ನನಗೆ ಇದಕ್ಕಿಂತ ಅಗ್ಗದ ಪ್ರಯೋಗ ಸಿಕ್ಕಿಲ್ಲ.

ಇಷ್ಟಾದ ಮೇಲೆ ಹುಡುಗಿಯ ಪ್ರಶ್ನೆಯ ಅರ್ಧ ಉತ್ತರ ತಾನಾಗಿ ದೊರೆಯುತ್ತದೆ. ಹರಳಿನಲ್ಲಿ ಅಣುವೇ ಇಲ್ಲದಿರುವಾಗ ಒಂದು ಅಣುವಿನಲ್ಲಿ ಎಷ್ಟು ಕ್ಲೋರಿನ್ ಎಂದು ಎಣಿಸಿ ಹೇಳುವ ಮಾತೇ ಬರುವುದಿಲ್ಲ. ಸೂತ್ರದಲ್ಲಿರುವ ಎರಡು ಎಂಬ ಅಂಕಿ ಕೇವಲ ಒಂದು ಪ್ರಮಾಣವನ್ನು ಹೇಳುತ್ತದೆ, ಮತ್ತು ಆ ಪ್ರಮಾಣವನ್ನು ಅಯಾನುಗಳ ವಿದ್ಯುದಂಶವೇ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಮೆಗ್ನೀಸಿಯಂ ಅಯಾನಿನ ವಿದ್ಯುದಂಶ ಯಾವಾಗಲೂ ಎರಡು ಧನ, ಕ್ಲೋರೈಡಿನದು ಒಂದು ಋಣ. ಹರಳು ಒಟ್ಟಾರೆಯಾಗಿ ತಟಸ್ಥವಾಗಿರಬೇಕಾದರೆ ಒಂದಕ್ಕೆ ಎರಡರಂತೆ ಇರದೆ ಬೇರೆ ದಾರಿಯಿಲ್ಲ. ಮೆಗ್ನೀಸಿಯಂ, ಕ್ಲೋರೈಡ್ ಎಂದು ಇಬ್ಬರನ್ನು ಹೆಸರಿಸಿದರೆ ಲೆಕ್ಕವನ್ನೂ ಹೇಳಿದಂತಾಯಿತು. ಧನ ಅಯಾನಿನ ಹೆಸರು ಮೊದಲು, ಋಣ ಅಯಾನಿನ ಹೆಸರು ಆಮೇಲೆ, ಕೊನೆಗೆ ‘ಐಡ್’ ಎಂಬ ಪ್ರತ್ಯಯ. ನಡುವೆ ಸಂಖ್ಯೆಗೆ ಕೆಲಸವಿಲ್ಲ. ನಾನು ನಿಯಮವೆಂದು ಹೇಳಿ ಬಾಯಿ ಮುಚ್ಚಿಸಿದ ಸಂಗತಿಯ ಹಿಂದೆ ಇಷ್ಟು ಸರಳವಾದ ಕಾರಣವಿತ್ತು.

ಇದೇ ಮೆಗ್ನೀಸಿಯಂ ಕ್ಲೋರೈಡಿನ ಪರಿಚಯ ಕರಾವಳಿಯ ಎಲ್ಲ ಅಡುಗೆಮನೆಗಳಿಗೂ ಇದೆ, ಹೆಸರು ಗೊತ್ತಿಲ್ಲ ಅಷ್ಟೇ. ಹಿಂದೆ ಮರದ ಮರಿಗೆಯಲ್ಲಿ ತುಂಬಿಡುತ್ತಿದ್ದ ಉಪ್ಪು ಮಳೆಗಾಲದಲ್ಲಿ ನೀರೊಡೆದು ಕೆಳಗೆ ಇಳಿಯುತ್ತಿತ್ತು. ಉಪ್ಪು ಅಳುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಶುದ್ಧ ಸೋಡಿಯಂ ಕ್ಲೋರೈಡ್ ಗಾಳಿಯ ತೇವಾಂಶ ಸುಮಾರು 75 ಪ್ರತಿಶತ ಮೀರಿದಾಗ ಮಾತ್ರ ನೀರನ್ನು ಹೀರಿ ಕರಗತೊಡಗುತ್ತದೆ. ಮೆಗ್ನೀಸಿಯಂ ಕ್ಲೋರೈಡಿಗೆ ಸುಮಾರು 33 ಪ್ರತಿಶತ ಸಾಕು. ಆದ್ದರಿಂದ ಆಷಾಢದಲ್ಲಿ ಅಂಗಡಿಯ ಪೊಟ್ಟಣದ ಉಪ್ಪೂ ಆಗರದ ಉಪ್ಪೂ ಒಂದೇ ರೀತಿ ಅಳುತ್ತವೆ, ಆದರೆ ಬೇಸಿಗೆಯ ಒಣಹವೆಯಲ್ಲಿಯೂ ಕೈಗೆ ಪಸೆ ಹತ್ತುವ ಉಪ್ಪಿನಲ್ಲಿ ಕಹಿನೀರಿನ ಅಂಶ ಉಳಿದಿದೆಯೆಂದು ತಿಳಿಯಬೇಕು. ಎರಡು ಧನ ವಿದ್ಯುದಂಶವನ್ನು ಹೊತ್ತ ಮೆಗ್ನೀಸಿಯಂ ಅಯಾನು ಗಾತ್ರದಲ್ಲಿ ಸೋಡಿಯಮ್ಮಿಗಿಂತ ಚಿಕ್ಕದು. ನೀರಿನ ಅಣುಗಳನ್ನು ಅದು ಬಹಳ ಬಲವಾಗಿ ಹಿಡಿದಿಟ್ಟುಕೊಳ್ಳುತ್ತದೆ.

ಕಾರ್ಬನ್ ಡೈಆಕ್ಸೈಡಿನ ಕಡೆಗೆ ಬಂದರೆ ಸನ್ನಿವೇಶವೇ ಬೇರೆ. ಕಾರ್ಬನ್ ತನ್ನ ನಾಲ್ಕು ಎಲೆಕ್ಟ್ರಾನ್‌ಗಳನ್ನು ಕೊಟ್ಟುಬಿಡುವುದೂ ಇಲ್ಲ, ಇನ್ನೂ ನಾಲ್ಕನ್ನು ಕಿತ್ತುಕೊಳ್ಳುವುದೂ ಇಲ್ಲ. 1916ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸ್ ತೋರಿಸಿಕೊಟ್ಟಂತೆ, ಇಂಥ ಪರಮಾಣುಗಳು ಎಲೆಕ್ಟ್ರಾನ್ ಜೋಡಿಗಳನ್ನು ಹಂಚಿಕೊಂಡು ಕೂಡುತ್ತವೆ. ಇದಕ್ಕೆ ಕೋವೇಲೆಂಟ್ ಎಂಬ ಹೆಸರನ್ನು 1919ರಲ್ಲಿ ಬಳಕೆಗೆ ತಂದವರು ಅರ್ವಿಂಗ್ ಲ್ಯಾಂಗ್‌ಮ್ಯೂರ್. ನಮ್ಮ ಪಠ್ಯಪುಸ್ತಕಗಳು ಅದನ್ನು ಸಹವೇಲೆನ್ಸೀಯ ಬಂಧ ಎನ್ನುತ್ತವೆ. ಉಚ್ಚರಿಸಲು ತೊಡಕಾದರೂ ‘ಸಹ’ ಎಂಬ ಮೊದಲ ತುಂಡು ಸಹಪಾಠಿ, ಸಹಪಂಕ್ತಿ ಎಂಬ ಮಾತುಗಳ ನಂಟಿನಿಂದ ಮಕ್ಕಳಿಗೆ ಬೇಗ ತಿಳಿಯುತ್ತದೆ, ಆದ್ದರಿಂದ ನಾನು ಆ ಪದವನ್ನು ಬಿಟ್ಟಿಲ್ಲ. ಹಂಚಿಕೊಳ್ಳುವುದಕ್ಕೆ ಒಂದೇ ಮಾರ್ಗವಿಲ್ಲ ಎಂಬುದೇ ಇಲ್ಲಿ ಮುಖ್ಯ. ಕಾರ್ಬನ್ ಎರಡು ಆಕ್ಸಿಜನ್ ಪರಮಾಣುಗಳೊಡನೆ ಎರಡೆರಡು ಜೋಡಿ ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡರೆ ನಾವು ಉಸಿರಿನಲ್ಲಿ ಹೊರಬಿಡುವ ಅನಿಲವಾಗುತ್ತದೆ. ಒಂದೇ ಆಕ್ಸಿಜನ್ನಿನೊಡನೆ ಮೂರು ಜೋಡಿಗಳ ಬಂಧ ಏರ್ಪಟ್ಟರೆ, ಗಾಳಿಯಾಡದ ಬಚ್ಚಲುಮನೆಯಲ್ಲಿ ಒಲೆಯ ಕೆಂಡ ಉಸಿರುಗಟ್ಟಿ ಉರಿಯುವಾಗ ಹುಟ್ಟುವ, ಬಣ್ಣವೂ ವಾಸನೆಯೂ ಇಲ್ಲದ ವಿಷವಾಗುತ್ತದೆ. ಎರಡರಲ್ಲಿಯೂ ಇರುವುದು ಕಾರ್ಬನ್ ಮತ್ತು ಆಕ್ಸಿಜನ್ನೇ. ಸಂಖ್ಯೆಯನ್ನು ಹೇಳದೆ ಬರಿದೇ ಕಾರ್ಬನ್ ಆಕ್ಸೈಡ್ ಎಂದರೆ ಜೀವ ತೆಗೆಯುವ ಅನಿಲವೂ ಸೋಡಾ ಬಾಟಲಿಯ ಅನಿಲವೂ ಒಂದೇ ಹೆಸರಿನಲ್ಲಿ ಅಡಗಿಬಿಡುತ್ತವೆ. ಹೀಗಾಗಿ ಇಲ್ಲಿ ‘ಮೋನೋ’ ಮತ್ತು ‘ಡೈ’ ಅನಿವಾರ್ಯ.

ಈ ಗ್ರೀಕ್ ಸಂಖ್ಯೆಗಳನ್ನು ನಮ್ಮ ಮಕ್ಕಳು ಪರಕೀಯವೆಂದು ಹೆದರಬೇಕಾಗಿಲ್ಲ. ಡೈ ಎಂಬುದು ದ್ವಿ, ಟ್ರೈ ಎಂಬುದು ತ್ರಿ, ಪೆಂಟಾ ಪಂಚ, ಹೆಪ್ಟಾ ಸಪ್ತ, ಆಕ್ಟಾ ಅಷ್ಟ, ಡೆಕಾ ದಶ. ಗ್ರೀಕ್ ಮತ್ತು ಸಂಸ್ಕೃತ ಒಂದೇ ಭಾಷಾಕುಟುಂಬದವಾದ್ದರಿಂದ ಇವು ದಾಯಾದಿ ಪದಗಳು. ಹೀಗೆಂದು ಒಮ್ಮೆ ಬರೆದು ತೋರಿಸಿದರೆ ಮತ್ತೆ ಬಾಯಿಪಾಠದ ಅಗತ್ಯ ಬೀಳುವುದಿಲ್ಲ. ನೀರು, ಅಮೋನಿಯಾ ಮೊದಲಾದವು ಎಣಿಕೆಯ ಹೆಸರನ್ನು ಒಲ್ಲದೆ ಹಳೆಯ ಹೆಸರಿನಲ್ಲೇ ಉಳಿದಿವೆ. ಮ್ಯಾಂಗನೀಸ್ ಡೈಆಕ್ಸೈಡ್ ಎಂಬ ಹಳೆಯ ರೂಢಿ ಲೋಹದ ಸಂಯುಕ್ತಕ್ಕೆ ‘ಡೈ’ ಹಚ್ಚುತ್ತದೆ, ಮತ್ತು ಜಾಣ ಮಕ್ಕಳು ಅದನ್ನು ಹಿಡಿದು ಕೇಳಿಯೇ ಕೇಳುತ್ತಾರೆ. ಅಲ್ಯೂಮಿನಿಯಂ ಕ್ಲೋರೈಡ್ ಆವಿಯಾದಾಗ ಅಣುಗಳಾಗಿ ತೇಲುತ್ತದೆ, ಹೆಸರು ಮಾತ್ರ ಅಯಾನಿಕ ಸಂಯುಕ್ತದ ಹಾಗೆಯೇ ಇದೆ. 1932ರಲ್ಲಿ ಲೈನಸ್ ಪಾಲಿಂಗ್ ಧಾತುಗಳ ವಿದ್ಯುದೃಣತೆಯನ್ನು, ಅಂದರೆ ಹಂಚಿಕೊಂಡ ಎಲೆಕ್ಟ್ರಾನ್‌ಗಳನ್ನು ತಮ್ಮೆಡೆಗೆ ಸೆಳೆಯುವ ಬಲವನ್ನು, ಅಳೆಯುವ ಮಾಪಕವನ್ನು ಕೊಟ್ಟ ಮೇಲೆ, ಹಂಚಿಕೊಳ್ಳುವಿಕೆಗೂ ಪೂರ್ತಿ ಬಿಟ್ಟುಕೊಡುವಿಕೆಗೂ ನಡುವೆ ಗದ್ದೆಯ ಬದುವಿನಂಥ ಗಡಿಯಿಲ್ಲ, ಅಳಿವೆಯಲ್ಲಿ ಸಿಹಿನೀರು ಉಪ್ಪಾಗುವಂತೆ ಒಂದು ಇನ್ನೊಂದಾಗುತ್ತ ಹೋಗುತ್ತದೆ ಎಂಬುದು ಸ್ಪಷ್ಟವಾಯಿತು. ಇದನ್ನು ಮಕ್ಕಳಿಂದ ಮುಚ್ಚಿಡಬಾರದು ಎಂಬುದು ನನ್ನ ಅಭಿಪ್ರಾಯ. ಹೆಸರಿನ ಕ್ರಮ ಎಲ್ಲಿಯವರೆಗೆ ಬಂಧವನ್ನು ಹಿಂಬಾಲಿಸುತ್ತದೆ, ಎಲ್ಲಿ ರೂಢಿಗೆ ಮಣಿಯುತ್ತದೆ ಎಂದು ಹೇಳಿದರೆ ಅವರು ಗೊಂದಲಕ್ಕೆ ಬೀಳುವುದಿಲ್ಲ.

ಲೋಹಗಳಲ್ಲಿಯೂ ಕೆಲವಕ್ಕೆ ಸಂಖ್ಯೆ ಬೇಕಾಗುತ್ತದೆ, ಆದರೆ ಅದು ಬೇರೆ ಬಗೆಯ ಸಂಖ್ಯೆ. ನಮ್ಮ ಶಾಲೆಯ ಗೋಡೆ ಚಿರೆಕಲ್ಲಿನದು. 1800-01ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಕಂಡ ಇಂಥದೇ ಕಲ್ಲಿಗೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಲ್ಯಾಟರೈಟ್ ಎಂದು ಹೆಸರಿಟ್ಟರು. ಅದರ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ಆ ಗೋಡೆಯ ಒಳಗೆ, ವಾರಕ್ಕೊಮ್ಮೆ, ಮಕ್ಕಳಿಗೆ ರಕ್ತಹೀನತೆ ಬಾರದಿರಲೆಂದು ನೀಲಿ ಬಣ್ಣದ ಮಾತ್ರೆ ಕೊಡುತ್ತೇವೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಕಾಲಡಿಯ ಮಣ್ಣಿನ ತುಂಬ ಕಬ್ಬಿಣವಿರುವಾಗ ಮಾತ್ರೆ ಏಕೆ ಎಂದು ಮಕ್ಕಳು ಕೇಳಿದರೆ ಉತ್ತರ ಹೆಸರಿನಲ್ಲೇ ಇದೆ. ಕಲ್ಲಿನ ಕಬ್ಬಿಣ ಮೂರು ಎಲೆಕ್ಟ್ರಾನ್ ಕಳೆದುಕೊಂಡದ್ದು, ಆಕ್ಸಿಜನ್ನಿನೊಡನೆ ಬಿಗಿಯಾಗಿ ಕೂಡಿ ನೀರಿನಲ್ಲಿ ಕರಗದೆ ನಿಂತದ್ದು. ಮಾತ್ರೆಯ ಕಬ್ಬಿಣ ಎರಡನ್ನು ಮಾತ್ರ ಕಳೆದುಕೊಂಡದ್ದು, ಕರಗುವಂಥದ್ದು, ಕರುಳು ಹೀರಿಕೊಳ್ಳಬಲ್ಲದ್ದು. ಹಳೆಯ ಕ್ರಮದಲ್ಲಿ ಎರಡರದನ್ನು ಫೆರಸ್ ಎಂದೂ ಮೂರರದನ್ನು ಫೆರಿಕ್ ಎಂದೂ ಕರೆಯುತ್ತಿದ್ದರು. ‘ಅಸ್’ ಎಂದರೆ ಕಡಿಮೆ, ‘ಇಕ್’ ಎಂದರೆ ಹೆಚ್ಚು ಎಂಬುದು ಅದರಿಂದ ತಿಳಿಯುತ್ತದೆಯೇ ಹೊರತು ಎಷ್ಟು ಎಂಬುದು ತಿಳಿಯುವುದಿಲ್ಲ. ತಾಮ್ರದ ಕ್ಯುಪ್ರಸ್ ಒಂದಾದರೆ ಕ್ಯುಪ್ರಿಕ್ ಎರಡು, ಕಬ್ಬಿಣದಲ್ಲಿ ಫೆರಸ್ಸೇ ಎರಡು. ಜರ್ಮನಿಯ ಆಲ್ಫ್ರೆಡ್ ಸ್ಟಾಕ್ 1919ರಲ್ಲಿ ಲೋಹದ ಹೆಸರಿನ ಪಕ್ಕದಲ್ಲಿ ವಿದ್ಯುದಂಶವನ್ನು ರೋಮನ್ ಅಂಕಿಯಲ್ಲಿ ಸೂಚಿಸುವ ಕ್ರಮವನ್ನು ಸೂಚಿಸಿದರು. ಈಗ ಐರನ್ ಟೂ ಸಲ್ಫೇಟ್, ಐರನ್ ತ್ರೀ ಆಕ್ಸೈಡ್ ಎಂದು ಓದುತ್ತೇವೆ. ಇದು ಪರಮಾಣುಗಳ ಎಣಿಕೆಯಲ್ಲ ಎಂಬುದನ್ನು ಒತ್ತಿ ಹೇಳದಿದ್ದರೆ ಮಕ್ಕಳು ಐರನ್ ತ್ರೀ ಆಕ್ಸೈಡಿನಲ್ಲಿ ಮೂರು ಕಬ್ಬಿಣವಿದೆ ಎಂದು ಬರೆಯುತ್ತಾರೆ. ಇರುವುದು ಎರಡು ಕಬ್ಬಿಣ, ಮೂರು ಆಕ್ಸಿಜನ್.

ಇಂಥ ಕ್ರಮಕ್ಕೆ ಮೊದಲು ಪದಾರ್ಥಗಳಿಗೆ ಹೆಸರಿಲ್ಲದೆ ಇರಲಿಲ್ಲ. ಪೆಟ್ಲುಪ್ಪು, ನವಸಾಗರ, ಪಟಿಕ, ಮೈಲುತುತ್ತ ಎಂಬ ಹೆಸರುಗಳು ಬಣ್ಣವನ್ನೋ ಬಳಕೆಯನ್ನೋ ಹೇಳುತ್ತವೆ, ಒಳಗೇನಿದೆ ಎಂಬುದನ್ನಲ್ಲ. ಯುರೋಪಿನಲ್ಲಿಯೂ ಇದೇ ಸ್ಥಿತಿಯಿತ್ತು. 1787ರಲ್ಲಿ ಗೀಟೋನ್ ದ ಮೊರ್ವೋ, ಲವಾಸಿಯೇ, ಬರ್ಥೊಲೆ, ಫೂರ್‌ಕ್ರ್ವಾ ಎಂಬ ನಾಲ್ವರು ಫ್ರೆಂಚರು ಸಂಯುಕ್ತದ ಹೆಸರು ಅದರ ಘಟಕಗಳಿಂದಲೇ ಹುಟ್ಟಬೇಕೆಂಬ ತತ್ವವನ್ನು ಮುಂದಿಟ್ಟರು. ಆದರೆ ಹೆಸರಿನಲ್ಲಿ ವಿಷಯವನ್ನು ತುಂಬುವಾಗ ತಪ್ಪೂ ತುಂಬಿಕೊಳ್ಳಬಹುದು. ಎಲ್ಲ ಆಮ್ಲಗಳಲ್ಲಿಯೂ ಇರುತ್ತದೆಯೆಂದು ನಂಬಿ ಲವಾಸಿಯೇ ಒಂದು ಅನಿಲಕ್ಕೆ ಆಮ್ಲವನ್ನು ಹುಟ್ಟಿಸುವುದು ಎಂಬ ಅರ್ಥದ ಹೆಸರಿಟ್ಟರು. ಕನ್ನಡ ಅದನ್ನು ಆಮ್ಲಜನಕ ಎಂದು ಕರೆದುಕೊಂಡಿತು. 1810ರಲ್ಲಿ ಹಂಫ್ರಿ ಡೇವಿ ಕ್ಲೋರಿನ್ ಒಂದು ಧಾತುವೆಂದು ಸಾರಿದಾಗ, ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂಬುದು ತಿಳಿಯಿತು. ಹೆಸರು ಉಳಿಯಿತು. ಆ ಪದ ನನಗೆ ಪ್ರಿಯವಾದದ್ದೇ, ಬಿಡಬೇಕೆಂದು ಹೇಳಲಾರೆ, ಆದರೆ ಕಲಿಸುವಾಗ ಅದರ ಕತೆಯನ್ನು ಜೊತೆಗೆ ಹೇಳುವುದನ್ನು ತಪ್ಪಿಸುವುದಿಲ್ಲ.

ಆಮ್ಲಜನಕ ಇನ್ನೊಂದು ಧಾತುವಿನೊಡನೆ ಸೇರಿ ಒಂದು ಗುಂಪಾಗಿ ಋಣ ವಿದ್ಯುದಂಶವನ್ನು ಹೊತ್ತಾಗ ಹೆಸರಿನ ಕೊನೆಯಲ್ಲಿ ‘ಏಟ್’ ಎಂದು ಬರುತ್ತದೆ: ಕಾರ್ಬೊನೇಟ್, ಸಲ್ಫೇಟ್, ನೈಟ್ರೇಟ್. ಆಮ್ಲಜನಕ ಒಂದು ಕಡಿಮೆಯಾದರೆ ‘ಐಟ್’. ಇಂಥ ಸಂಯುಕ್ತಗಳಲ್ಲಿ ಎರಡೂ ಬಗೆಯ ಬಂಧಗಳು ಒಟ್ಟಿಗೆ ಇರುತ್ತವೆ ಎಂಬುದನ್ನು ನಾನು ಬಳಚಿನ ಚಿಪ್ಪನ್ನು ಕೈಯಲ್ಲಿ ಹಿಡಿದು ವಿವರಿಸುತ್ತೇನೆ. ಅಘನಾಶಿನಿಯ ಕೆಸರಿನಿಂದ ಆರಿಸಿ ತಂದ ಆ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕಾರ್ಬೊನೇಟಿನ ಒಳಗೆ ಒಂದು ಕಾರ್ಬನ್ ಮೂರು ಆಮ್ಲಜನಕಗಳೊಡನೆ ಎಲೆಕ್ಟ್ರಾನ್‌ಗಳನ್ನು ಹಂಚಿಕೊಂಡಿದೆ, ಆ ಇಡೀ ಗುಂಪನ್ನು ಕ್ಯಾಲ್ಸಿಯಂ ಅಯಾನು ವಿದ್ಯುತ್ ಸೆಳೆತದಿಂದ ಹಿಡಿದಿದೆ. ಚಿಪ್ಪನ್ನು ಭಟ್ಟಿಯಲ್ಲಿ ಸುಟ್ಟಾಗ ಈ ಗುಂಪೇ ಒಡೆಯುತ್ತದೆ. ನೂರು ಗ್ರಾಂ ಶುದ್ಧ ಕಾರ್ಬೊನೇಟಿನಿಂದ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ 56 ಗ್ರಾಂ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ಅದಕ್ಕೆ 18 ಗ್ರಾಂ ನೀರು ಕೂಡಿದರೆ ಬುಸುಗುಟ್ಟಿ ಕಾದು 74 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ, ಕವಳದ ತಟ್ಟೆಯ ಸುಣ್ಣ ಅದೇ. ಗೋಡೆಗೆ ಬಳಿದ ಸುಣ್ಣ ಗಾಳಿಯಿಂದ ಅದೇ 44 ಗ್ರಾಮನ್ನು ಮೆಲ್ಲಗೆ ಮರಳಿ ಪಡೆದು ಮತ್ತೆ ಚಿಪ್ಪಿನ ಪದಾರ್ಥವೇ ಆಗುತ್ತದೆ. ಕಾರ್ಬೊನೇಟ್, ಆಕ್ಸೈಡ್, ಹೈಡ್ರಾಕ್ಸೈಡ್ ಎಂದು ಹೆಸರು ಬದಲಾದಾಗಲೆಲ್ಲ ಯಾವ ಬಂಧ ಕಡಿಯಿತು, ಯಾವುದು ಬೆಸೆಯಿತು ಎಂದು ಮಕ್ಕಳು ಓದಬಲ್ಲವರಾದರೆ ನನ್ನ ಪಾಠ ಆಯಿತು.

ಸುಣ್ಣದ ಮಾತು ಬಂದರೆ ನನ್ನ ನೆನಪು ಶಿರಸಿಯ ತೋಟಕ್ಕೆ ಹೋಗುತ್ತದೆ. ಮಳೆಗಾಲ ಕಾಲಿಡುವ ಹೊತ್ತಿಗೆ ಕೊಳೆರೋಗ ಬಾರದಂತೆ ಅಡಿಕೆ ಕೊನೆಗಳಿಗೆ ಮದ್ದು ಹೊಡೆಸಬೇಕು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. 1885ರಲ್ಲಿ ಫ್ರಾನ್ಸಿನ ಮಿಲಾರ್ದೆ ದ್ರಾಕ್ಷಿ ಬಳ್ಳಿಗಳ ರೋಗಕ್ಕೆಂದು ಪ್ರಕಟಿಸಿದ ಬೋರ್ಡೊ ದ್ರಾವಣವೇ ಇದು. ಮೈಲುತುತ್ತವೆಂದರೆ ನವಿಲಿನ ಬಣ್ಣದ ತುತ್ತ. ಅದರ ಪೂರ್ತಿ ಹೆಸರು ಕಾಪರ್ ಟೂ ಸಲ್ಫೇಟ್ ಪೆಂಟಾಹೈಡ್ರೇಟ್. ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲವೂ ಈ ಒಂದು ಹೆಸರಿನಲ್ಲಿ ಇದೆ. ತಾಮ್ರ ಒಂದನ್ನೋ ಎರಡನ್ನೋ ಕಳೆದುಕೊಳ್ಳಬಲ್ಲದ್ದರಿಂದ ‘ಟೂ’ ಎಂಬ ರೋಮನ್ ಅಂಕಿ ಬೇಕಾಯಿತು. ತಾಮ್ರದ ಎರಡು ಧನಕ್ಕೆ ಸಲ್ಫೇಟಿನ ಎರಡು ಋಣ ಸರಿಹೋಗುವುದರಿಂದ ಸಲ್ಫೇಟಿಗೆ ಎಣಿಕೆ ಬೇಕಾಗಲಿಲ್ಲ. ನೀರಿನ ಅಣುಗಳಿಗೆ ವಿದ್ಯುದಂಶವಿಲ್ಲ, ಅವು ಎಷ್ಟು ಸೇರಬೇಕೆಂದು ಸೆಳೆತದ ಲೆಕ್ಕದಿಂದ ಹೇಳಲಾಗುವುದಿಲ್ಲ, ಹಾಗಾಗಿ ಅಲ್ಲಿ ‘ಪೆಂಟಾ’ ಎಂದು ಎಣಿಸಲೇಬೇಕು. ಆ ಐದರಲ್ಲಿ ನಾಲ್ಕು ನೇರವಾಗಿ ತಾಮ್ರಕ್ಕೆ ಅಂಟಿಕೊಂಡಿವೆ, ಒಂದು ಸಲ್ಫೇಟಿನ ಕಡೆಗೆ ಹೈಡ್ರೋಜನ್ ಬಂಧದಿಂದ ನಿಂತಿದೆ. ಹರಳನ್ನು ಕಾಯಿಸಿ ನೀರನ್ನೆಲ್ಲ ಓಡಿಸಿದರೆ ನವಿಲಿನ ಬಣ್ಣ ಹೋಗಿ ಬೂದಿಬಿಳಿ ಪುಡಿ ಉಳಿಯುತ್ತದೆ, ಒಂದು ಹನಿ ನೀರು ಬಿದ್ದರೆ ಬಣ್ಣ ಮರಳುತ್ತದೆ.

ಮದ್ದು ಹದವಾಯಿತೇ ಎಂದು ನೋಡಲು ಅಪ್ಪ ಹೊಳಪಿನ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆಯುತ್ತಿದ್ದರು. “ಕತ್ತಿ ಕೆಂಪಾತು ತಮಾ, ಇನ್ನೂ ಚೂರು ಸುಣ್ಣ ಹಾಕವು” ಎನ್ನುತ್ತಿದ್ದರು. ಸುಣ್ಣ ಸಾಕಷ್ಟಿಲ್ಲದಿದ್ದರೆ ತಾಮ್ರದ ಅಯಾನುಗಳು ನೀರಿನಲ್ಲಿ ಬಿಡಿಯಾಗಿ ಉಳಿದು, ಕಬ್ಬಿಣದಿಂದ ಎಲೆಕ್ಟ್ರಾನ್‌ಗಳನ್ನು ಪಡೆದು ಕತ್ತಿಯ ಮೇಲೆ ತಾಮ್ರವಾಗಿ ಕೂರುತ್ತವೆ. ಅಂಥ ಮದ್ದು ಎಳೆಯ ಕಾಯಿಗಳನ್ನೂ ಸುಡುತ್ತದೆ. ಕಬ್ಬಿಣದ ಬಕೆಟಿನಲ್ಲಿ ಮೈಲುತುತ್ತ ಕರಗಿಸಬಾರದೆಂಬ ಎಚ್ಚರಿಕೆಗೂ ಇದೇ ಕಾರಣ. ಅಪ್ಪ ರಸಾಯನಶಾಸ್ತ್ರ ಓದಿದವರಲ್ಲ, ಆದರೆ ಅವರ ಕೈಯಲ್ಲಿ ಆ ಪರೀಕ್ಷೆ ಒಮ್ಮೆಯೂ ತಪ್ಪಿದ್ದನ್ನು ನಾನು ಕಂಡಿಲ್ಲ.

ಮುಂದಿನ ಜೂನ್ ತಿಂಗಳಲ್ಲಿ, ಆ ಹುಡುಗಿಯ ತರಗತಿ ಹತ್ತಕ್ಕೆ ಬಂದಾಗ, ಊರಿನಿಂದ ಒಂದು ಹಿಡಿ ಮೈಲುತುತ್ತವನ್ನೂ ಹಳೆಯ ಕತ್ತಿಯೊಂದನ್ನೂ ತಂದು ಗಾಜಿನ ಬೀಕರಿನಲ್ಲಿ ಅಪ್ಪನ ಪರೀಕ್ಷೆಯನ್ನೇ ಸುಣ್ಣವಿಲ್ಲದೆ ಮಾಡಿಸಿದೆ. ಹಿಂದಿನ ವರ್ಷ ಅವಳಿಗೆ ಕೊಟ್ಟ ಉತ್ತರ ತಪ್ಪಾಗಿತ್ತು ಎಂದು ಎಲ್ಲರ ಮುಂದೆ ಹೇಳಿ, ಸರಿಯಾದ ಉತ್ತರವನ್ನು ಉಪ್ಪಿನಿಂದ ಮೊದಲುಗೊಂಡು ಹೇಳಿದ್ದೆ. ಕತ್ತಿಯ ಮೇಲೆ ಕೆಂಪು ಪದರ ಕಟ್ಟಿತು, ಹೊತ್ತು ಹೋದಂತೆ ದ್ರಾವಣದ ನೀಲಿ ಮಾಸಿ ಹಸಿರಿಗೆ ತಿರುಗಿತು. ಆಗ ಅವಳು ಕೇಳಿದಳು: “ಸರ್, ಕತ್ತಿ ಮೇಲೆ ಕೂತ ತಾಮ್ರಕ್ಕೆ ಈಗ ಸಂಖ್ಯೆ ಬೇಡ, ಅಲ್ವಾ? ಅದು ಯಾರ ಜೊತೆಗೂ ಇಲ್ಲ.” ಬೇಡ ಎಂದೆ. ನೀರಿನೊಳಗೆ ಏನಿದೆ, ಅದರ ಹೆಸರು ಬರೆ ಎಂದೆ. ಅವಳು ಸ್ವಲ್ಪ ಯೋಚಿಸಿ, ಕಬ್ಬಿಣ ಎಷ್ಟು ಎಲೆಕ್ಟ್ರಾನ್ ಬಿಟ್ಟಿತು ಎಂದು ಪಕ್ಕದವಳನ್ನು ಕೇಳಿ, ಸಲ್ಫೇಟಿನ ಎರಡು ಋಣವನ್ನು ಬೆರಳಿನಲ್ಲಿ ಲೆಕ್ಕ ಹಾಕಿ, ಐರನ್ ಟೂ ಸಲ್ಫೇಟ್ ಎಂದು ಬರೆದಳು. ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡು ತಲೆಯೆತ್ತಿ, “ಇದು ನಮ್ಮ ವಾರದ ಮಾತ್ರೆಯಲ್ಲಿ ಇರೋದೇ ಅಲ್ವಾ ಸರ್?” ಎಂದಳು. ಹೌದು ಎಂದೆ, ಆದರೆ ಬೀಕರಿನ ನೀರನ್ನು ಯಾರೂ ಮುಟ್ಟಿ ಬಾಯಿಗೆ ಹಾಕಬಾರದು, ಅದರಲ್ಲಿ ಇನ್ನೂ ಮೈಲುತುತ್ತ ಉಳಿದಿದೆ ಎಂದು ಹೇಳಿ, ಕತ್ತಿಯನ್ನು ಒರೆಸಿ ಕಿಟಕಿಯ ಚಿರೆಕಲ್ಲಿನ ಮೇಲೆ ಒಣಗಲು ಇಟ್ಟೆ.